ಒಡೆಯುವುದಕ್ಕೂ ಶಕ್ತಿ ಯಾಕೆ ಬೇಕು?

ಈ ಸಲದ ಅಂಚೆಯಲ್ಲಿ ಪ್ರೋಟೀನಿನ ಪತ್ರಗಳೇ ಜಾಸ್ತಿ. ಜೀವಕೋಶದಲ್ಲಿ ಪ್ರೋಟೀನ್ ಹೇಗೆ ತಯಾರಾಗುತ್ತದೆ ಅಂತ ಹಿಂದೊಂದು ಸಂಚಿಕೆಯಲ್ಲಿ ಬರೆದಿದ್ದೆ. ತಯಾರಾಗುವುದು ಗೊತ್ತಾಯಿತು, ಹೋಗುವುದು ಹೇಗೆ ಅಂತ ಈಗ ಕೇಳಿದ್ದೀರಿ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗಲೂ ಈ ಭಾಗ ಸಿಲಬಸ್ಸಿನ ತೀರಾ ಕೊನೆಗೆ ಬರುತ್ತಿತ್ತು. ಪರೀಕ್ಷೆ ತಲೆ ಮೇಲೆ ಬಂದಿರುತ್ತಿತ್ತು, ಅರ್ಧ ಗಂಟೆಯಲ್ಲಿ ಓಡಿಸಿ ಮುಗಿಸಬೇಕಿತ್ತು. ನನಗೋ ಅದೇ ಅತಿ ಇಷ್ಟದ ಭಾಗ. ಹಾಗಾಗಿ ಮೊದಲ ಉತ್ತರ ಉದ್ದವಾಗಿದೆ, ಸಂಪಾದಕರು ಕತ್ತರಿ ಹಾಕದೇ ಬಿಟ್ಟರೆ ಉಪಕಾರ.

ಪ್ರಶ್ನೆ: ಮೇಡಂ, ಪ್ರೋಟೀನ್ ಕಟ್ಟುವುದಕ್ಕೆ ಎಟಿಪಿ (ಜೀವಕೋಶದೊಳಗೆ ಶಕ್ತಿ ಒದಗಿಸುವ ಅಣು) ಖರ್ಚಾಗುತ್ತದೆ, ಅದು ಅರ್ಥವಾಯಿತು. ಆದರೆ ಜೀವಕೋಶದೊಳಗೆ ಪ್ರೋಟೀನ್ ಒಡೆಯುವುದಕ್ಕೂ ಎಟಿಪಿ ಬೇಕು ಅಂತ ಪುಸ್ತಕದಲ್ಲಿದೆ. ಒಡೆದರೆ ಶಕ್ತಿ ಹೊರಗೆ ಬರಬೇಕಲ್ವಾ? ನಮ್ಮ ಸರ್ ಅವರನ್ನು ಕೇಳಿದರೆ "ಹಾಗೇ ಬರಿ, ಎರಡು ಮಾರ್ಕ್ಸ್ ಬರುತ್ತೆ" ಅಂದರು.
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಬದುಕಿಡೀ ನಿನ್ನ ವಯಸ್ಸಿನವರಿಗೆ ಪಾಠ ಹೇಳಿದವಳು ನಾನು, ಆದ್ದರಿಂದ "ನೀನು" ಅಂತಲೇ ಬರೆಯುತ್ತೇನೆ. ನಿನ್ನ ಪ್ರಶ್ನೆ ಎರಡು ಮಾರ್ಕ್ಸಿನದಲ್ಲಮ್ಮ. ಇದನ್ನೇ ಹಿಡಿದುಕೊಂಡು ಕೂತವರಿಗೆ 2004ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು.

ನೀನು ಹೇಳಿದ್ದು ಸರಿ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಎರಡು ಅಮೈನೋ ಆಮ್ಲಗಳ ನಡುವಿನ ಕೊಂಡಿ ಕಡಿದರೆ ಶಕ್ತಿ ಬಿಡುಗಡೆಯಾಗುತ್ತದೆ. ಅದಕ್ಕೆ ನೀರು ಮತ್ತು ಸರಿಯಾದ ಕಿಣ್ವ ಇದ್ದರೆ ಸಾಕು. ಬಲಿತ ಕುರಿಯ ಮಾಂಸ ಬೇಗ ಬೇಯಲಿ ಅಂತ ಹಸಿ ಪಪ್ಪಾಯಿ ಕಾಯಿ ಅರೆದು ಹಚ್ಚಿಡುತ್ತಾರಲ್ಲ, ಅಲ್ಲಿ ಕೆಲಸ ಮಾಡುವುದು ಪಪ್ಪಾಯಿ ಹಾಲಿನಲ್ಲಿರುವ ಪಪೇನ್ ಅನ್ನುವ ಕಿಣ್ವ. ಯಾರೂ ಅದಕ್ಕೆ ಎಟಿಪಿ ಬೆರೆಸುವುದಿಲ್ಲ. ಅರ್ಧ ಗಂಟೆಗೆ ಮಾಂಸ ಮೆತ್ತಗಾಗುತ್ತದೆ. ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತುಂಡು ಬೆರಳಲ್ಲಿ ಹಿಡಿದರೇ ಕಲಸಿಹೋಗುತ್ತದೆ, ಸಾರು ಕೆಟ್ಟ ಹಾಗೇ ಲೆಕ್ಕ. ಪಪೇನಿಗೆ ಎಲ್ಲಿ ನಿಲ್ಲಬೇಕು ಅಂತ ಗೊತ್ತಿಲ್ಲ, ಕೈಗೆ ಸಿಕ್ಕ ಪ್ರೋಟೀನನ್ನೆಲ್ಲ ಕಡಿಯುತ್ತದೆ. ನಮ್ಮ ಹೊಟ್ಟೆಯ ಪೆಪ್ಸಿನ್, ಕರುಳಿನ ಟ್ರಿಪ್ಸಿನ್ ಕೂಡ ಇದೇ ಜಾತಿಯವು. ಅಲ್ಲಿ ಅದೇ ಬೇಕು, ತಿಂದ ಅನ್ನ-ಬೇಳೆಯಲ್ಲಿ ಆರಿಸುವುದೇನಿದೆ?

ಜೀವಕೋಶದ ಒಳಗಿನ ಕಥೆ ಬೇರೆ. ಇಲಿಯ ಯಕೃತ್ತಿನ ತೆಳು ಹೋಳುಗಳನ್ನಿಟ್ಟುಕೊಂಡು ಮೆಲ್ವಿನ್ ಸಿಂಪ್ಸನ್ ಅನ್ನುವವರು 1953ರಲ್ಲೇ ಇದನ್ನು ನೋಡಿದ್ದರು. ಹೋಳುಗಳಿಗೆ ಶಕ್ತಿ ಸಿಗದಂತೆ ಮಾಡಿದರೆ ಪ್ರೋಟೀನ್ ಒಡೆಯುವುದೂ ಕಮ್ಮಿಯಾಗುತ್ತಿತ್ತು. ವಿಚಿತ್ರ ಅನ್ನಿಸಿದರೂ ಅದರ ಬೆನ್ನು ಹತ್ತಿದವರು ಕಡಿಮೆ. ಎರಡು ವರ್ಷಕ್ಕೆ ಕ್ರಿಸ್ತಿಯಾನ್ ದ ದೂವ್ ಲೈಸೋಸೋಮ್ ಕಂಡುಹಿಡಿದರು. ಜೀವಕೋಶದೊಳಗೆ ಆಮ್ಲ ಮತ್ತು ಕಡಿಯುವ ಕಿಣ್ವ ತುಂಬಿದ ಒಂದು ಚೀಲ ಸಿಕ್ಕಿತು, ಒಡೆಯುವ ಕೆಲಸವೆಲ್ಲ ಅಲ್ಲೇ ನಡೆಯುತ್ತದೆ ಅಂತ ಎಲ್ಲರೂ ನೆಮ್ಮದಿಯಾದರು.

ಆದರೆ ಒಂದು ಲೆಕ್ಕ ಹೊಂದುತ್ತಿರಲಿಲ್ಲ. ಇಲಿಯ ಯಕೃತ್ತಿನಲ್ಲಿ ಆರ್ನಿಥಿನ್ ಡಿಕಾರ್ಬಾಕ್ಸಿಲೇಸ್ ಅನ್ನುವ ಕಿಣ್ವ ಹತ್ತು ಹದಿನೈದು ನಿಮಿಷಕ್ಕೆ ಅರ್ಧಕ್ಕರ್ಧ ಮಾಯವಾಗುತ್ತದೆ. ಅದೇ ನಮ್ಮ ಹಿಮೋಗ್ಲೋಬಿನ್ ಕೆಂಪು ರಕ್ತಕಣದ ಜೊತೆ 120 ದಿನ ಬಾಳುತ್ತದೆ. ಕಣ್ಣಿನ ಮಸೂರದ ಒಳಭಾಗದ ಪ್ರೋಟೀನುಗಳು ಹುಟ್ಟಿದಾಗಿನಿಂದ ಸಾಯುವತನಕ ಅವೇ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಕಡಿಯುವ ಹಾಗಿದ್ದರೆ ಆಯಸ್ಸಿನಲ್ಲಿ ಇಷ್ಟು ವ್ಯತ್ಯಾಸ ಬರಬಾರದು. ಯಾರೋ ಒಬ್ಬೊಬ್ಬರನ್ನೇ ಆರಿಸುತ್ತಿದ್ದಾರೆ ಅಂತಾಯಿತು.

ಪಟ್ಟು ಸಡಿಲಿಸಿದ್ದು ಮೊಲದ ರಕ್ತ. ಕೆಂಪು ರಕ್ತಕಣ ಬಲಿಯುವ ಮೊದಲಿನ ಹಂತಕ್ಕೆ ರೆಟಿಕ್ಯುಲೋಸೈಟ್ ಅನ್ನುತ್ತಾರೆ. ಅದರಲ್ಲಿ ಲೈಸೋಸೋಮ್ ಇರುವುದಿಲ್ಲ. ಆದರೂ ಅದರೊಳಗೆ ಕೆಟ್ಟ ಪ್ರೋಟೀನ್ ಬೇಗ ಬೇಗ ಒಡೆಯುತ್ತಿತ್ತು. 1977ರಲ್ಲಿ ಹಾರ್ವರ್ಡಿನ ಎಟ್ಲಿಂಗರ್ ಮತ್ತು ಆಲ್ಫ್ರೆಡ್ ಗೋಲ್ಡ್‌ಬರ್ಗ್ ಆ ಕಣಗಳನ್ನು ಒಡೆದು ರಸ ತೆಗೆದರು. ರಸಕ್ಕೆ ಎಟಿಪಿ ಹಾಕಿದರೆ ಒಡೆಯುವ ವೇಗ ಏರಿತು. ಲೈಸೋಸೋಮಿನ ಕಿಣ್ವಗಳಿಗೆ ಆಮ್ಲ ಬೇಕು, ಇಲ್ಲಿ ಆಮ್ಲವೂ ಇಲ್ಲ. ಈಗ ಜೀವಕೋಶ ಬೇಡ, ಒಂದು ಗಾಜಿನ ನಳಿಕೆಯಲ್ಲೇ ಕಳ್ಳನನ್ನು ಹುಡುಕಬಹುದು.

ಇನ್ನು ಹೈಫಾಗೆ ಬಾ. ಇಸ್ರೇಲಿನ ಈ ಊರಿನಲ್ಲಿ ಟೆಕ್ನಿಯಾನ್ ಅನ್ನುವ ಸಂಸ್ಥೆಯಿದೆ. ಅಲ್ಲಿ ಅವ್ರಾಮ್ ಹೆರ್ಷ್ಕೊ, ಅವರ ಪಿಎಚ್.ಡಿ. ವಿದ್ಯಾರ್ಥಿ ಆರನ್ ಚಿಹನೋವರ್. ಅವರ ಮುಂದಿದ್ದ ತೊಂದರೆ ಎಂದರೆ ಆ ರಸದಲ್ಲಿ ಬಹುಪಾಲು ಬರೀ ಹಿಮೋಗ್ಲೋಬಿನ್. ಅದನ್ನು ತೆಗೆಯಲು ರಸವನ್ನು ಒಂದು ಕಾಲಂ (ಪ್ರೋಟೀನುಗಳನ್ನು ಬೇರ್ಪಡಿಸುವ ಕೊಳವೆ) ಮೂಲಕ ಇಳಿಸಿದರು. ಹಿಮೋಗ್ಲೋಬಿನ್ ಅಂಟಿಕೊಳ್ಳದೆ ಕೆಂಪು ನೀರಾಗಿ ಕೆಳಗೆ ಬಂತು. ಅಂಟಿಕೊಂಡದ್ದನ್ನು ಉಪ್ಪು ನೀರಿನಿಂದ ಆಮೇಲೆ ಇಳಿಸಿಕೊಂಡರು. ಕಿಣ್ವ ಈ ಎರಡನೇ ಭಾಗದಲ್ಲಿ ಇರಬೇಕು, ಕೆಂಪು ನೀರು ಚೆಲ್ಲುವುದಕ್ಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಎರಡನೇ ಭಾಗಕ್ಕೆ ಎಟಿಪಿ ಹಾಕಿ ನೋಡಿದರು. ಏನೂ ಆಗಲಿಲ್ಲ. ಕೆಂಪು ನೀರನ್ನು ತಿರುಗಿ ಬೆರೆಸಿದರೆ ಕೆಲಸ ಶುರು!

ಹಾಗಾದರೆ ಕೆಂಪು ನೀರಿನಲ್ಲಿ ಏನೋ ಇದೆ. ಅದನ್ನು ಹಿಮೋಗ್ಲೋಬಿನ್ನಿನಿಂದ ಬಿಡಿಸುವುದು ಹೇಗೆ? ಕುದಿಸಿದರು. ಬಿಸಿಗೆ ಹಿಮೋಗ್ಲೋಬಿನ್ ಹೆಪ್ಪುಗಟ್ಟಿ ಗಸಿಯಾಗಿ ತಳಕ್ಕೆ ಕೂತಿತು. ಮೇಲಿನ ತಿಳಿಯನ್ನು ತೆಗೆದು ಎರಡನೇ ಭಾಗಕ್ಕೆ ಹಾಕಿದರೆ ಕೆಲಸ ಮೊದಲಿನ ಹಾಗೇ ನಡೆಯಿತು. ಕುದಿಸಿದರೂ ಕೆಡದ ಪ್ರೋಟೀನ್ ಅಪರೂಪ. ಪ್ರೋಟೀನ್ ಹೌದೋ ಅಲ್ಲವೋ ಅಂತಲೇ ಅನುಮಾನ ಬರುವಂಥದ್ದು. ಟ್ರಿಪ್ಸಿನ್ ಹಾಕಿದಾಗ ಅದರ ಕೆಲಸ ನಿಂತಿತು, ಹಾಗಾಗಿ ಪ್ರೋಟೀನೇ ಅಂತ ಖಾತ್ರಿಯಾಯಿತು. ಇದು 1978ರ ಮಾತು. ಪಾಠ ಮಾಡುವಾಗ ನಾನು ಈ ಪ್ರಯೋಗದ ಹತ್ತಿರ ಬಂದರೆ ಮುಂದೆ ಹೋಗಲು ಮನಸ್ಸೇ ಆಗುತ್ತಿರಲಿಲ್ಲ. ದೊಡ್ಡ ಯಂತ್ರವಿಲ್ಲ, ಭಾರೀ ಗಣಿತವಿಲ್ಲ. ಚೆಲ್ಲುವ ನೀರನ್ನು ಚೆಲ್ಲಲಿಲ್ಲ, ಅಷ್ಟೇ.

ಮುಂದಿನ ಹೆಜ್ಜೆ ಫಿಲಡೆಲ್ಫಿಯಾದಲ್ಲಿ, ಫಾಕ್ಸ್ ಚೇಸ್ ಕ್ಯಾನ್ಸರ್ ಸೆಂಟರಿನ ಅರ್ವಿನ್ ರೋಸ್ ಅವರ ಲ್ಯಾಬಿನಲ್ಲಿ. ಆ ಪುಟ್ಟ ಪ್ರೋಟೀನಿಗೆ ವಿಕಿರಣ ಸೂಸುವ ಅಯೋಡಿನ್ ಕಟ್ಟಿದರು, ಎಲ್ಲಿ ಹೋಗುತ್ತದೆ ನೋಡೋಣ ಅಂತ. ಎಟಿಪಿ ಇಲ್ಲದಿದ್ದಾಗ ಅದು ಚಿಕ್ಕದಾಗಿಯೇ ಉಳಿಯಿತು. ಎಟಿಪಿ ಹಾಕಿದೊಡನೆ ವಿಕಿರಣ ಭಾರೀ ಗಾತ್ರದ ಅಣುಗಳ ಜೊತೆ ಕಾಣಿಸಿತು. ಸುಮ್ನೆ ಅಂಟಿಕೊಂಡಿದೆಯೇನೋ ಅಂತ ಕ್ಷಾರ ಹಾಕಿ ನೋಡಿದರು, ಬಿಡಲಿಲ್ಲ. ಗಟ್ಟಿಯಾದ ರಾಸಾಯನಿಕ ಬಂಧವೇ ಆಗಿತ್ತು. ಇದು ಕಡಿಯುವ ಕಿಣ್ವವಲ್ಲ, ಕಿಣ್ವಕ್ಕೆ ಸಹಾಯಕನೂ ಅಲ್ಲ. ಕಡಿಯಬೇಕಾದ ಪ್ರೋಟೀನಿನ ಮೈಗೇ ಹೋಗಿ ಕೂರುತ್ತಿದೆ! 1980ರಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ವಿಲ್ಕಿನ್ಸನ್, ಅರ್ಬನ್, ಹಾಸ್ ಎಂಬ ಮೂವರು ಇದು ಹೊಸದೇನಲ್ಲ, 1975ರಲ್ಲಿ ಗಿಡಿಯನ್ ಗೋಲ್ಡ್‌ಸ್ಟೈನ್ ಕಂಡಿದ್ದ ಯುಬಿಕ್ವಿಟಿನ್ ಅಂತ ತೋರಿಸಿದರು. ಒಟ್ಟು 76 ಅಮೈನೋ ಆಮ್ಲ. ದೋಸೆ ಹಿಟ್ಟಿನಲ್ಲಿ ಸಿಗುವಂಥ ಯೀಸ್ಟಿನ ಯುಬಿಕ್ವಿಟಿನ್‌ಗೂ ನಮ್ಮದಕ್ಕೂ ಬರೀ ಮೂರು ಅಮೈನೋ ಆಮ್ಲದ ವ್ಯತ್ಯಾಸ. ಇಷ್ಟು ಕಾಲ ಬದಲಾಗದೆ ಉಳಿದಿದೆ ಎಂದರೆ ಅದರ ಮೇಲೆ ಎಷ್ಟು ಕೆಲಸ ನಿಂತಿರಬೇಕು ಯೋಚಿಸು.

ಒಡೆಯಬೇಕಾದ ಪ್ರೋಟೀನಿಗೆ ಯುಬಿಕ್ವಿಟಿನ್ನೇ ಗುರುತು. ಆ ಗುರುತು ಅಂಟಿಸುವುದಕ್ಕೆ ಮೂರು ಕಿಣ್ವಗಳ ಸರದಿ ಇದೆ. ಇ1 ಅನ್ನುವುದು ಎಟಿಪಿ ಖರ್ಚು ಮಾಡಿ ಯುಬಿಕ್ವಿಟಿನ್ನಿನ ಬಾಲವನ್ನು ತನ್ನ ಸಿಸ್ಟೀನ್ ಅನ್ನುವ ಅಮೈನೋ ಆಮ್ಲಕ್ಕೆ ಕಟ್ಟಿಕೊಳ್ಳುತ್ತದೆ. ಅದನ್ನು ಇ2ಗೆ ಕೊಡುತ್ತದೆ. ಇ3 ಬಲಿಪಶುವನ್ನು ಹಿಡಿದು ತರುತ್ತದೆ, ಬಾಲದ ಗ್ಲೈಸೀನ್ ಆ ಪ್ರೋಟೀನಿನ ಒಂದು ಲೈಸೀನಿಗೆ ಅಂಟುತ್ತದೆ. ಒಂದು ಅಂಟಿದರೆ ಸಾಲದು. ಮೊದಲನೆಯ ಯುಬಿಕ್ವಿಟಿನ್ನಿನ 48ನೇ ಜಾಗದ ಲೈಸೀನಿಗೆ ಎರಡನೆಯದು, ಅದರ ಮೇಲೆ ಮೂರನೆಯದು, ಹೀಗೆ ಸರ ಬೆಳೆಯುತ್ತದೆ. ನಾಲ್ಕಾದರೂ ಆದ ಮೇಲೆ ಪ್ರೋಟಿಯಸೋಮ್ ಅನ್ನುವ ಕಡಿಯುವ ಯಂತ್ರ ಅದನ್ನು ಚೆನ್ನಾಗಿ ಹಿಡಿಯುತ್ತದೆ.

ಪ್ರೋಟಿಯಸೋಮ್ ಒಂದು ಟೊಳ್ಳು ಕೊಳವೆ. ಏಳೇಳು ತುಂಡುಗಳ ನಾಲ್ಕು ಬಳೆ ಒಂದರ ಮೇಲೊಂದು ಕೂತಿವೆ, ಕಡಿಯುವ ಜಾಗಗಳೆಲ್ಲ ಒಳಗೋಡೆಯಲ್ಲಿ. ಬಾಯಿ ಎಷ್ಟು ಚಿಕ್ಕದೆಂದರೆ ಮಡಚಿಕೊಂಡ ಪ್ರೋಟೀನ್ ಒಳಗೆ ತೂರುವುದೇ ಇಲ್ಲ. ಬಾಯಿಯ ಮೇಲೊಂದು ಮುಚ್ಚಳ, ಅದರಲ್ಲಿ ಎಟಿಪಿ ಸುಡುವ ಆರು ತುಂಡುಗಳ ಉಂಗುರ. ಅದು ಪ್ರೋಟೀನಿನ ಒಂದು ತುದಿ ಹಿಡಿದು, ಎಳೆದು, ಮಡಿಕೆ ಬಿಚ್ಚಿ ಒಳಗೆ ತಳ್ಳುತ್ತದೆ. ಒಂದು ಪ್ರೋಟೀನಿಗೆ ಹತ್ತಾರು ಎಟಿಪಿ, ಗಟ್ಟಿ ಮಡಿಕೆಯಾದರೆ ನೂರರ ಆಚೆಗೂ ಹೋಗುತ್ತದೆ. ಯುಬಿಕ್ವಿಟಿನ್ ಮಾತ್ರ ಒಳಗೆ ಹೋಗುವುದಿಲ್ಲ. ಬಾಗಿಲಲ್ಲೇ ಅದನ್ನು ಕಳಚಿ ವಾಪಸ್ ಬಿಡುತ್ತಾರೆ, ಮತ್ತೊಬ್ಬನಿಗೆ ಅಂಟಿಸಲು.

ಈಗ ನಿನ್ನ ಪ್ರಶ್ನೆಗೆ ಬರೋಣ. ಮಲೆನಾಡಿನ ಕಾಡಿನಲ್ಲಿ ಮರ ಕಡಿಸುವಾಗ ಮೊದಲು ಇಲಾಖೆಯವರು ಬಂದು, ಬುಡದ ತೊಗಟೆ ಕೆತ್ತಿ, ಸುತ್ತಿಗೆಯಿಂದ ಮೊಹರು ಹೊಡೆದು, ನಂಬರ್ ಬರೆದು ಹೋಗುತ್ತಾರೆ. ಕಡಿಯುವುದಕ್ಕೆ ಕೊಡಲಿ ಸಾಕು. ಓಡಾಟ, ಜನ, ರಿಜಿಸ್ಟರು ಎಲ್ಲ ಬೇಕಾಗುವುದು ಯಾವುದನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ. ಜೀವಕೋಶದ ಎಟಿಪಿಯೂ ಅಲ್ಲಿಗೇ ಹೋಗುತ್ತದೆ. ಗುರುತು ಹಾಕುವುದಕ್ಕೆ, ಮಡಿಕೆ ಬಿಚ್ಚಿ ಒಳಗೆ ತಳ್ಳುವುದಕ್ಕೆ. ಒಳಗೆ ಹೋದ ಮೇಲೆ ಕೊಂಡಿ ಕಡಿಯುವ ಆ ಒಂದು ಕ್ಷಣದ ಕೆಲಸ ನೀನು ಅಂದುಕೊಂಡ ಹಾಗೆ ಪುಕ್ಕಟೆ. ಕತ್ತರಿಯನ್ನು ಕೊಳವೆಯೊಳಗೆ ಬಚ್ಚಿಟ್ಟು ಬಾಗಿಲಿಗೆ ಕಾವಲಿಟ್ಟಿರುವುದರಿಂದಲೇ ನಿನ್ನ ಜೀವಕೋಶ ಪಪ್ಪಾಯಿ ಹಚ್ಚಿದ ಮಾಂಸದ ಗತಿ ಕಾಣದೆ ಉಳಿದಿದೆ.

ಪರೀಕ್ಷೆಯಲ್ಲಿ ಕೊನೆಯ ಪ್ಯಾರಾ ಮಾತ್ರ ಬರಿ. ಸರ್ ಹತ್ತಿರ ಜಗಳ ಬೇಡ.

ಪ್ರಶ್ನೆ: ಯಾವ ಪ್ರೋಟೀನಿಗೆ ಗುರುತು ಹಾಕಬೇಕು ಅಂತ ತೀರ್ಮಾನ ಮಾಡುವವರು ಯಾರು? ಮನುಷ್ಯರ ಹಾಗೆ ಅಲ್ಲೂ ಲಂಚ, ವಂಚನೆ ಇದೆಯೇ?
— ನಿವೃತ್ತ ಹೈಸ್ಕೂಲ್ ಶಿಕ್ಷಕರು, ಶಿವಮೊಗ್ಗ

ಮೇಷ್ಟ್ರೇ, ತೀರ್ಮಾನ ಇ3ಗಳದ್ದು. ನಮ್ಮ ಮೈಯಲ್ಲಿ ಇ1 ಎರಡೇ, ಇ2 ಮೂವತ್ತು ನಲವತ್ತು, ಇ3 ಮಾತ್ರ 600ಕ್ಕೂ ಹೆಚ್ಚು. ಒಂದೊಂದು ಇ3ಗೂ ತನ್ನದೇ ಆದ ಒಂದಿಷ್ಟು ಗಿರಾಕಿಗಳು. ಯಾರನ್ನು ಹೇಗೆ ಗುರುತಿಸುತ್ತದೆ ಅನ್ನುವುದಕ್ಕೆ ಒಂದೇ ನಿಯಮವಿಲ್ಲ. ಕೆಲವಕ್ಕೆ ಪ್ರೋಟೀನಿನ ಮೊದಲ ಅಮೈನೋ ಆಮ್ಲವೇ ಸುಳಿವು. ಅಲೆಕ್ಸಾಂಡರ್ ವರ್ಷಾವ್‌ಸ್ಕಿ ಮತ್ತು ಸಂಗಡಿಗರು 1986ರಲ್ಲಿ ಯೀಸ್ಟಿನಲ್ಲಿ ಇದನ್ನು ತೋರಿಸಿದರು. ಒಂದೇ ಪ್ರೋಟೀನ್, ತುದಿಯಲ್ಲಿ ಮೆಥಿಯೋನಿನ್ ಇದ್ದರೆ ಅದರ ಅರ್ಧಾಯುಷ್ಯ 20 ಗಂಟೆಗೂ ಹೆಚ್ಚು. ಅದೇ ಜಾಗದಲ್ಲಿ ಆರ್ಜಿನೈನ್ ಇಟ್ಟರೆ ಸುಮಾರು ಎರಡು ನಿಮಿಷ! ಜೀವಂತ ಕೋಶದಲ್ಲಿ ಈ ವ್ಯವಸ್ಥೆಗೆ ಎಷ್ಟು ಕೆಲಸವಿದೆ ಅಂತ ತೋರಿಸಿದ್ದರಲ್ಲಿ ಇವರ ಪಾಲು ದೊಡ್ಡದು. 2000ದ ಲಾಸ್ಕರ್ ಪ್ರಶಸ್ತಿ ಹೆರ್ಷ್ಕೊ, ಚಿಹನೋವರ್ ಜೊತೆ ಇವರಿಗೂ ಬಂದಿತ್ತು. ನಾಲ್ಕು ವರ್ಷದ ಮೇಲೆ ನೊಬೆಲ್ ಪಟ್ಟಿಯಲ್ಲಿ ಇವರ ಹೆಸರು ಇರಲಿಲ್ಲ. ನನಗೆ ಅದು ಇವತ್ತಿಗೂ ಸರಿ ಕಂಡಿಲ್ಲ.

ಇನ್ನು ಕೆಲವು ಇ3ಗಳು ಗಾಳಿ ನೋಡಿ ತೀರ್ಮಾನಿಸುತ್ತವೆ. ಹಿಫ್ ಅನ್ನುವ ಪ್ರೋಟೀನ್ ನಿಮ್ಮ ಮೈಯಲ್ಲಿ ಈಗಲೂ ತಯಾರಾಗುತ್ತಲೇ ಇದೆ, ಐದೇ ನಿಮಿಷದಲ್ಲಿ ಒಡೆದೂ ಹೋಗುತ್ತಿದೆ. ಆಮ್ಲಜನಕ ಇರುವಾಗ ಅದರ ಪ್ರೋಲಿನ್ ಅನ್ನುವ ಅಮೈನೋ ಆಮ್ಲದ ಮೇಲೆ ಒಂದು ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಕೂರುತ್ತದೆ, ಅದನ್ನು ಕಂಡ ಇ3 ಗುರುತು ಹಾಕಿಬಿಡುತ್ತದೆ. ಲಡಾಖಿನಂಥ ಎತ್ತರಕ್ಕೆ ಹೋದಿರಿ ಅಂತಿಟ್ಟುಕೊಳ್ಳಿ. ಆಮ್ಲಜನಕ ಕಮ್ಮಿ, ಹೈಡ್ರಾಕ್ಸಿಲ್ ಇಲ್ಲ, ಗುರುತಿಲ್ಲ. ಹಿಫ್ ಉಳಿದು, ಕೆಂಪು ರಕ್ತಕಣ ಜಾಸ್ತಿ ಮಾಡಿಸುವ ಹಾರ್ಮೋನಿಗೆ ಆದೇಶ ಕೊಡುತ್ತದೆ. ಮಾಡಿ ಮಾಡಿ ಒಡೆಯುವುದು ದಂಡ ಅನ್ನಿಸಬಹುದು. ಆದರೆ ಉಸಿರು ಸಾಲದೆ ಬಂದ ಹೊತ್ತಲ್ಲಿ ಹೊಸದಾಗಿ ತಯಾರಿಸುತ್ತ ಕೂರುವುದಕ್ಕಿಂತ ಒಡೆಯುವುದನ್ನು ನಿಲ್ಲಿಸುವುದು ಬೇಗ. ಇದನ್ನು ಬಿಡಿಸಿದವರಿಗೆ 2019ರ ವೈದ್ಯಕೀಯ ನೊಬೆಲ್ ಸಿಕ್ಕಿತು.

ವಂಚನೆಯ ಮಾತು ಕೇಳಿದಿರಿ. ಇದೆ, ಚೆನ್ನಾಗಿಯೇ ಇದೆ. ಗರ್ಭಕೊರಳಿನ ಕ್ಯಾನ್ಸರ್ ತರುವ ಪ್ಯಾಪಿಲೋಮಾ ವೈರಸ್ ಇ6 ಅನ್ನುವ ತನ್ನದೇ ಪ್ರೋಟೀನನ್ನು (ಇ1, ಇ2, ಇ3ಗಳ ಸಾಲಿಗೆ ಸೇರಿದ್ದಲ್ಲ) ಒಳಗೆ ಬಿಡುತ್ತದೆ. ಅದು ನಮ್ಮದೇ ಒಂದು ಇ3ಯ ಕೈ ಹಿಡಿದು ಪಿ53 ಮೇಲೆ ಗುರುತು ಹಾಕಿಸುತ್ತದೆ. ಪಿ53 ಕೆಟ್ಟ ಕೋಶ ಬೆಳೆಯದಂತೆ ತಡೆಯುವ ಪ್ರೋಟೀನ್. ಕಾವಲುಗಾರನೇ ಹೋದ ಮೇಲೆ ಇನ್ನೇನು. ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಹಾಕಿಸಿ ಅಂತ ಹೇಳುವುದು ಈ ವೈರಸ್ ಒಳಗೆ ಕಾಲಿಡದಿರಲಿ ಅಂತ. ನಿಮ್ಮ ಮೊಮ್ಮಗಳಿಗೆ ಹನ್ನೊಂದು ವರ್ಷ ಅಂತ ಬರೆದಿದ್ದೀರಿ. ವೈದ್ಯರನ್ನು ಈಗಲೇ ಕೇಳಿ.

ಗುರುತು ತಪ್ಪಿ ಬಿದ್ದರೆ ಬಿಡಿಸುವವರೂ ಇದ್ದಾರೆ. ಯುಬಿಕ್ವಿಟಿನ್ ಕಳಚುವ ಕಿಣ್ವಗಳೇ ನಮ್ಮಲ್ಲಿ ನೂರರ ಹತ್ತಿರ ಇವೆ.

ಪ್ರಶ್ನೆ: ನಮ್ಮದು ಥಾಂಪ್ಸನ್ ಸೀಡ್‌ಲೆಸ್ ತೋಟ. ಗೊಂಚಲನ್ನು ಜಿಎ ದ್ರಾವಣದಲ್ಲಿ ಅದ್ದುತ್ತೇವೆ, ಕಾಳು ದಪ್ಪ ಆಗುತ್ತದೆ. ಜಿಎ ಅಂದರೆ ಬೆಳೆಸುವ ಟಾನಿಕ್ ಅಂತ ತಿಳಿದಿದ್ದೆ. ಮೊನ್ನೆ ತರಬೇತಿಯಲ್ಲಿ "ಅದು ಒಂದು ಪ್ರೋಟೀನನ್ನು ಒಡೆಸುತ್ತದೆ" ಅಂದರು. ಒಡೆದರೆ ಬೆಳೆಯುವುದು ಹೇಗ್ರೀ ಮೇಡಂ?
— ದ್ರಾಕ್ಷಿ ಬೆಳೆಗಾರರು, ವಿಜಯಪುರ ಜಿಲ್ಲೆ

ತರಬೇತಿಯಲ್ಲಿ ಹೇಳಿದ್ದು ಖರೇ ಅದೆ. ಗಿಡದೊಳಗೆ ಡೆಲ್ಲಾ ಅನ್ನುವ ಪ್ರೋಟೀನ್ ಇದೆ. ಅದರ ಕೆಲಸ ಬೆಳವಣಿಗೆಗೆ ತಡೆ ಹಾಕುವುದು. ಜಿಬ್ಬರೆಲಿಕ್ ಆಮ್ಲ ಅಂದರೆ ನಿಮ್ಮ ಜಿಎ, ಕೋಶದೊಳಗಿನ ಜಿಐಡಿ1 ಅನ್ನುವ ಪ್ರೋಟೀನಿಗೆ ಕೂಡಿಕೊಳ್ಳುತ್ತದೆ. ಕೂಡಿದ ಮೇಲೆ ಅದರ ಆಕಾರ ಬದಲಾಗಿ ಡೆಲ್ಲಾವನ್ನು ಹಿಡಿಯುತ್ತದೆ. ಹಿಡಿದದ್ದಕ್ಕೆ ಇ3 ಬಂದು ಯುಬಿಕ್ವಿಟಿನ್ ಅಂಟಿಸುತ್ತದೆ, ಪ್ರೋಟಿಯಸೋಮಿಗೆ ಹೋಗುತ್ತದೆ. ತಡೆ ತೆಗೆದರೆ ಕೋಶ ಉದ್ದ-ದಪ್ಪ ಆಗುತ್ತದೆ. ನೀವು ಬಕೆಟ್ಟಿನಲ್ಲಿ ಅದ್ದುತ್ತಿರುವುದು ಟಾನಿಕ್ ಅಲ್ಲ, ಡೆಲ್ಲಾ ಒಡೆಯಲು ಆದೇಶ. ಗೊಬ್ಬರ ನೀರು ಸರಿಯಿಲ್ಲದೆ ಬರೀ ಜಿಎ ಹೆಚ್ಚಿಸಿದರೆ ಪ್ರಯೋಜನವಿಲ್ಲ ಅನ್ನುವುದೂ ಇದಕ್ಕೇ. ತಡೆ ತೆಗೆಯಬಹುದು, ಕಾಳಿನೊಳಗೆ ತುಂಬಬೇಕಾದ್ದನ್ನು ಬಳ್ಳಿಯೇ ಕೊಡಬೇಕು.

ಬೀಜವಿರುವ ದ್ರಾಕ್ಷಿಯಲ್ಲಿ ಬೀಜವೇ ಜಿಎ ಒದಗಿಸುತ್ತದೆ. ಥಾಂಪ್ಸನ್ನಿನಲ್ಲಿ ಬೀಜ ಬಲಿಯುವುದಿಲ್ಲ, ಅದಕ್ಕೇ ನಿಮ್ಮ ಕೈ ಬೇಕಾಗಿದೆ.

ನಿಮ್ಮ ಬೆಳೆಯದೇ ಒಂದು ಉದಾಹರಣೆ ಕೊಡುತ್ತೇನೆ. ಪಿನೋ ಮ್ಯೂನಿಯೇ ಅನ್ನುವ ಫ್ರೆಂಚ್ ದ್ರಾಕ್ಷಿಯಿಂದ ಬಂದ ಒಂದು ಕುಳ್ಳ ಬಳ್ಳಿಯ ಬಗ್ಗೆ 2002ರಲ್ಲಿ ವರದಿಯಾಯಿತು. ಅದರ ಡೆಲ್ಲಾದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ, ಜಿಎ ಮಾತು ಅದಕ್ಕೆ ಕೇಳದಂತಾಗಿದೆ. ಬಳ್ಳಿ ಮೊಣಕಾಲೆತ್ತರದಲ್ಲೇ ನಿಲ್ಲುತ್ತದೆ. ಕುಡಿಬಳ್ಳಿ ಬರಬೇಕಾದ ಗಿಣ್ಣುಗಳಲ್ಲೆಲ್ಲ ಹೂಗೊಂಚಲು ಬರುತ್ತದೆ! ಅಂದರೆ ನೀವು ಅದ್ದುವ ಆ ಜಿಎ ಹೂ ಕಟ್ಟುವುದಕ್ಕೆ ವಿರೋಧಿ ಅಂತಾಯಿತು. ಯಾವ ಹಂತದಲ್ಲಿ ಅದ್ದಬೇಕು ಅಂತ ಶಿಫಾರಸು ಮಾಡುವವರು ಅಷ್ಟು ಕಟ್ಟುನಿಟ್ಟು ಮಾಡುವುದು ಸುಮ್ಮನೆ ಅಲ್ಲ.

ಹಸಿರು ಕ್ರಾಂತಿಯ ಗಿಡ್ಡ ಗೋಧಿಯ ಗುಟ್ಟೂ ಇದೇ. ಜಪಾನಿನ ನೋರಿನ್ 10 ತಳಿಯಿಂದ ಬಂದ ಆ ವಂಶವಾಹಿ ಡೆಲ್ಲಾದ್ದು, ಜಿಎ ಬಂದರೂ ಒಡೆಯದ ಡೆಲ್ಲಾ. ಗೊಬ್ಬರ ಹಾಕಿದರೂ ಕಾಂಡ ಉದ್ದವಾಗದು, ತೆನೆಯ ಭಾರಕ್ಕೆ ಬೀಳದು. ಗಿಡ್ಡ ಭತ್ತ ಐಆರ್8 ಮಾತ್ರ ಬೇರೆ ದಾರಿ ಹಿಡಿದಿದೆ, ಅಲ್ಲಿ ಕೊರತೆ ಇರುವುದು ಜಿಎ ತಯಾರಿಸುವುದರಲ್ಲೇ.

ಪ್ರಶ್ನೆ: ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್). ಬೋರ್ಟೆಜೋಮಿಬ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಪ್ರೋಟೀನ್ ಒಡೆಯುವ ವ್ಯವಸ್ಥೆಯನ್ನೇ ಅದು ನಿಲ್ಲಿಸುತ್ತದೆ ಅಂತ ಓದಿ ಗಾಬರಿಯಾಗಿದೆ. ಅದು ಒಳ್ಳೆಯ ಕೋಶಕ್ಕೂ ಬೇಕಲ್ಲವೇ?
— ಮಗಳು, ಮೈಸೂರು

ಬೇಕು. ಹಾಗಾಗಿಯೇ ಈ ಔಷಧಿಯನ್ನು ದಿನವೂ ಕೊಡುವುದಿಲ್ಲ, ನಡುವೆ ಬಿಡುವು ಇರುತ್ತದೆ. ಅದು ಪ್ರೋಟಿಯಸೋಮಿನ ಕಡಿಯುವ ಜಾಗಕ್ಕೆ ಕೂರುತ್ತದೆ, ಹಿಡಿಯುವುದು ಔಷಧಿಯಲ್ಲಿರುವ ಒಂದು ಬೋರಾನ್ ಪರಮಾಣು. ಹಿಡಿತ ಶಾಶ್ವತವಲ್ಲ, ಆಮೇಲೆ ಬಿಡುತ್ತದೆ. ಒಳ್ಳೆಯ ಕೋಶಗಳು ಅಷ್ಟರ ಮಟ್ಟಿಗೆ ಸುಧಾರಿಸಿಕೊಳ್ಳುತ್ತವೆ.

ಮೈಲೋಮಾ ಕೋಶಕ್ಕೆ ಅದು ಆಗುವುದಿಲ್ಲ. ಆ ಕೋಶಗಳು ಮೂಲತಃ ಪ್ರತಿಕಾಯ ತಯಾರಿಸುವವು. ಹಗಲು ರಾತ್ರಿ ಪ್ರೋಟೀನ್ ಉತ್ಪಾದನೆ, ಅದರಲ್ಲಿ ಮಡಿಕೆ ಕೆಟ್ಟವೂ ರಾಶಿ. ಆ ರಾಶಿ ಹೊರಹೋಗುವ ದಾರಿ ಮುಚ್ಚಿದರೆ ಅವು ಉಸಿರುಗಟ್ಟುತ್ತವೆ. ಜೊತೆಗೆ, ಅವುಗಳನ್ನು ಬದುಕಿಸಿಡುವ ಎನ್‌ಎಫ್-ಕಪ್ಪಾ-ಬಿ ಅನ್ನುವ ಪ್ರೋಟೀನಿಗೆ ಒಂದು ತಡೆ ಇದೆ. ಆ ತಡೆಯನ್ನು ಪ್ರೋಟಿಯಸೋಮ್ ಒಡೆದರೆ ಮಾತ್ರ ಅದು ಕೆಲಸಕ್ಕಿಳಿಯುತ್ತದೆ. ಒಡೆಯದಿದ್ದರೆ ಅಲ್ಲೂ ಪೆಟ್ಟು. 2003ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಈ ಸಂಶೋಧನೆಯ ಮೂಲದಲ್ಲಿ ಮೇಲೆ ಹೇಳಿದ ಮೊಲದ ರಕ್ತದ ಗೋಲ್ಡ್‌ಬರ್ಗ್ ಇದ್ದರು. ಅವರು ಕಟ್ಟಿದ ಕಂಪನಿಯಲ್ಲೇ ಇದರ ಕೆಲಸ ಶುರುವಾದದ್ದು. ಸ್ನಾಯು ಸವೆಯುವುದನ್ನು ತಡೆಯೋಣ ಅಂತ ಹೊರಟವರು ಕ್ಯಾನ್ಸರ್ ಔಷಧಿಗೆ ಬಂದು ನಿಂತರು.

ನೀವು ಮನೆಯಲ್ಲಿ ಗಮನಿಸಬೇಕಾದ್ದು: ಕಾಲು ಬೆರಳು, ಅಂಗಾಲಿನಲ್ಲಿ ಜುಮುಜುಮು, ಉರಿ, ಮರಗಟ್ಟಿದ ಹಾಗೆ ಆದರೆ ವಯಸ್ಸಾಯಿತು ಅಂತ ತಂದೆಯವರು ಮುಚ್ಚಿಟ್ಟುಕೊಳ್ಳದಂತೆ ನೋಡಿ. ಚಪ್ಪಲಿ ಜಾರಿಹೋದದ್ದೇ ತಿಳಿಯುತ್ತಿಲ್ಲವಾ ಅಂತ ಬಾಯಿಬಿಟ್ಟು ಕೇಳಿ. ಅದು ಈ ಔಷಧಿಯ ಗೊತ್ತಿರುವ ಅಡ್ಡ ಪರಿಣಾಮ. ವೈದ್ಯರಿಗೆ ಬೇಗ ತಿಳಿಸಿದರೆ ಪ್ರಮಾಣ ಕಮ್ಮಿ ಮಾಡುತ್ತಾರೆ. ಸರ್ಪಸುತ್ತು ಬರದಿರಲಿ ಅಂತ ಕೊಟ್ಟ ಮಾತ್ರೆ ಇದ್ದರೆ ತಪ್ಪಿಸಬೇಡಿ. ಮತ್ತೊಂದು, ಆರೋಗ್ಯಕ್ಕೆ ಒಳ್ಳೆಯದು ಅಂತ ಯಾರೋ ಗ್ರೀನ್ ಟೀ ಪುಡಿ, ಮಾತ್ರೆ ಕೊಟ್ಟರೆ ವೈದ್ಯರನ್ನು ಕೇಳದೆ ಕೊಡಬೇಡಿ. ಅದರಲ್ಲಿರುವ ಒಂದು ಅಂಶ ಆ ಬೋರಾನಿಗೇ ಹೋಗಿ ಅಂಟಿ ಔಷಧಿಯನ್ನು ಕೆಲಸಗೆಡಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ತಂದೆಯವರಿಗೆ ಬೇಗ ಗುಣವಾಗಲಿ.

ಪ್ರಶ್ನೆ: ಬೈಕಿನಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕಿದ್ದರು. ಬಿಚ್ಚಿದಾಗ ಕೈ ಸಣಕಲಾಗಿದೆ. ಪ್ರೋಟೀನ್ ಪೌಡರ್ ಡಬಲ್ ಮಾಡಿದ್ದೇನೆ. ಯಾವಾಗ ಸರಿಹೋಗುತ್ತೆ ಆಂಟಿ?
— ಜಿಮ್ ಪ್ರೇಮಿ, ದಾವಣಗೆರೆ

ಡಬಲ್ ಮಾಡಿದ್ದನ್ನು ಮೊದಲು ಸಿಂಗಲ್ ಮಾಡಪ್ಪ. ನಿನ್ನ ಕೈ ಸಣ್ಣಗಾದದ್ದು ತಿಂದದ್ದು ಸಾಲದೆ ಅಲ್ಲ. ಕೆಲಸವಿಲ್ಲದ ಸ್ನಾಯುವಿನಲ್ಲಿ ಎರಡು ಇ3ಗಳು ಚುರುಕಾಗುತ್ತವೆ, ಅಟ್ರೋಜಿನ್-1 ಮತ್ತು ಮರ್ಫ್1. 2001ರಲ್ಲಿ ಸಿಕ್ಕ ಹೆಸರುಗಳು. ಅವು ಸ್ನಾಯುವಿನ ಪ್ರೋಟೀನಿಗೆ ಗುರುತು ಹಾಕಿಸಿ ಒಡೆಸುತ್ತವೆ. ಉಪವಾಸ, ಹಾಸಿಗೆ ಹಿಡಿದ ಕಾಯಿಲೆ, ಅಂಕೆಗೆ ಬಾರದ ಸಕ್ಕರೆ ಕಾಯಿಲೆ, ಎಲ್ಲದರಲ್ಲೂ ಇವುಗಳದ್ದೇ ಓಡಾಟ. ಇವನ್ನು ಸುಮ್ಮನಾಗಿಸುವ ದಾರಿ ಸ್ನಾಯುವಿಗೆ ಮತ್ತೆ ಕೆಲಸ ಕೊಡುವುದು. ಫಿಸಿಯೋಥೆರಪಿಯವರು ಹೇಳಿದ ಆ ಬೇಜಾರಿನ ವ್ಯಾಯಾಮ, ಮೆತ್ತನೆ ಚೆಂಡು ಹಿಸುಕುವುದು, ಅರ್ಧ ಲೀಟರ್ ನೀರಿನ ಬಾಟಲಿ ಎತ್ತುವುದು, ಅದನ್ನೇ ಮಾಡು. ಜಿಮ್ಮಿನ ಡಂಬ್‌ಬೆಲ್ ಮೂಳೆ ಡಾಕ್ಟರು ಹೂಂ ಅಂದಮೇಲೆ.

ಇನ್ನೊಂದು ಲೆಕ್ಕ. 70 ಕೆಜಿ ತೂಕದ ವ್ಯಕ್ತಿಯ ಮೈಯಲ್ಲಿ ದಿನಕ್ಕೆ 250ರಿಂದ 300 ಗ್ರಾಂ ಪ್ರೋಟೀನ್ ಒಡೆದು ಮತ್ತೆ ಕಟ್ಟುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೊಡ್ಡವರಿಗೆ ಹೇಳುವುದು ಕೆಜಿಗೆ 0.83 ಗ್ರಾಂ, ಅಂದರೆ ಅವನಿಗೆ 58 ಗ್ರಾಂ. ಉಳಿದದ್ದು ಒಡೆದ ಪ್ರೋಟೀನಿನ ಅಮೈನೋ ಆಮ್ಲಗಳನ್ನೇ ಮತ್ತೆ ಬಳಸಿ ಕಟ್ಟಿದ್ದು. ಏಟು ಬಿದ್ದಾಗ ಇನ್ನೊಂದಿಷ್ಟು ಜಾಸ್ತಿ ಬೇಕು ನಿಜ. ಅದಕ್ಕೆ ಮೊಟ್ಟೆ, ಬೇಳೆ, ಮೊಸರು ಇಲ್ಲವಾ? ಹೆಚ್ಚಾದದ್ದನ್ನು ಮೈ ಕೂಡಿಡುವುದಿಲ್ಲ, ಸಾರಜನಕ ಮೂತ್ರದಲ್ಲಿ ಹೋಗುತ್ತದೆ.

ಪ್ರಶ್ನೆ: "ಹಳೆಯ ಕೆಟ್ಟ ಪ್ರೋಟೀನುಗಳನ್ನು ಜೀವಕೋಶದಿಂದ ತೊಳೆದು ಹಾಕುವ ಕಿಣ್ವದ ಮಾತ್ರೆ" ಅಂತ ಪರಿಚಯದವರು ಮಾರುತ್ತಿದ್ದಾರೆ. ತಿಂಗಳಿಗೆ ನಾಲ್ಕು ಸಾವಿರ. ತೆಗೆದುಕೊಳ್ಳಬಹುದೇ?
— ಗೃಹಿಣಿ, ಹಾಸನ

ಬೇಡ. ಮಾತ್ರೆಯಲ್ಲಿರುವ ಕಿಣ್ವವೂ ಪ್ರೋಟೀನೇ. ಅದು ಮೊದಲು ನಿಮ್ಮ ಹೊಟ್ಟೆಯ ಪೆಪ್ಸಿನ್ ಕೈಗೆ ಸಿಗುತ್ತದೆ. ಅದನ್ನು ದಾಟಿದ್ದು ಕರುಳಿನಲ್ಲಿ ಊಟದ ಪ್ರೋಟೀನನ್ನು ಒಂದಿಷ್ಟು ಕಡಿಯಬಹುದು. ಜೀವಕೋಶದೊಳಗೆ ನುಗ್ಗಿ ಕೆಟ್ಟದ್ದನ್ನು ಮಾತ್ರ ಆರಿಸಿ ಒಡೆಯುವ ಪ್ರಶ್ನೆಯೇ ಇಲ್ಲ. ಆರಿಸುವುದಕ್ಕೆ 600 ಇ3ಗಳು ಬೇಕಾದವು ಅಂತ ಈಗಷ್ಟೇ ಮೇಷ್ಟ್ರಿಗೆ ಬರೆದೆ. ಮಾರುವವರು ನಿಮ್ಮ ನಾದಿನಿಯ ಗೆಳತಿ, ಬೇಡ ಅನ್ನಲು ಸಂಕೋಚ ಅಂತ ಬರೆದಿದ್ದೀರಿ. ನನ್ನ ಹೆಸರು ಹೇಳಿ.